ಮಾಮಾನ ಬೀಬಾಪ್, ಮಾಮಿಯ ಹಪ್ಪಳ

ನಮ್ಮ ಮಾಮಾನಿಗೆ ಕುಡಿತದ ಚಟವಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಹೀಗೆಂದು ನಮ್ಮ ಬಳಗದವರು ಆಗಾಗ ನಿಟ್ಟುಸಿರು ಬಿಟ್ಟದ್ದುಂಟು. ಕುಡಿತವಾದರೆ ಯಾರಿಗೂ ವಿವರಿಸಿ ಹೇಳುವ ಕೆಲಸವಿಲ್ಲ. ಬಿಡಿಸುವುದಕ್ಕೆ ದೇವರಿದ್ದಾನೆ, ಔಷಧವಿದೆ, ಹೆಂಡತಿಯ ಅಣ್ಣತಮ್ಮಂದಿರಿದ್ದಾರೆ. ಮಾಮಾನಿಗಿದ್ದದ್ದು ಬೀಬಾಪ್ ಚಟ. ಅದಕ್ಕೆ ಯಾವ ದೇವರಿಗೆ ಹರಕೆ ಹೊರಬೇಕು, ನೀವೇ ಹೇಳಿ!

ಬೀಬಾಪ್ ಎಂದರೆ ಅಮೆರಿಕದ ಜಾಝ್ ಸಂಗೀತದ ಒಂದು ಪಂಗಡ. ನಮಗೆ ಸ್ವಾತಂತ್ರ್ಯ ಬರುವ ಹೊತ್ತಿಗೆ ಅಲ್ಲಿ ಹುಟ್ಟಿದ್ದಂತೆ. ಐದಾರು ಜನ ಕೊನೆಯ ಬಸ್ಸು ಹಿಡಿಯಲು ಓಡುತ್ತ, ಓಡುತ್ತಲೇ ಜಗಳವಾಡಿದ ಹಾಗೆ ಕೇಳಿಸುತ್ತದೆ. (ಮಾಮಾನ ಎದುರು ಹೀಗೆ ಹೇಳಿ ನಾನು ಒಂದು ದೀಪಾವಳಿಯ ಫರಾಳದ ತಿಂಡಿ ಕಳೆದುಕೊಂಡಿದ್ದೇನೆ.) ಗದಗಿನಿಂದ ಬಂದ ದೊಡ್ಡಪ್ಪ ಹಿಂದುಸ್ತಾನಿ ಸಂಗೀತ ಬಲ್ಲವರು. ಕಣ್ಣು ಮುಚ್ಚಿ ಅರ್ಧ ಗಂಟೆ ಕೇಳಿದರು. ಆಮೇಲೆ ಮೆಲ್ಲಗೆ, "ತಮ್ಮಾ, ಶ್ರುತಿ ಕೂಡಿಸೋದು ಮುಗದ ಮ್ಯಾಲ ಎಬ್ಬಸು, ಅಲ್ಲೀತನಕಾ ಒಂದು ನಿದ್ದಿ ತಗೀತೀನಿ" ಎಂದು ಗೋಡೆಯ ಕಡೆ ಮಗ್ಗುಲಾದರು.

ಮಾಮಾ ಪುಣೆಯ ಖಡಕಿಯಲ್ಲಿ ಕಾರ್ಖಾನೆಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮದುವೆಯಾದ ಹೊಸತರಲ್ಲಿ, ವರ್ಗವಾಗಿ ಹೊರಟ ಮಿಲಿಟರಿ ಸಾಹೇಬನೊಬ್ಬ ಮನೆಯ ಸಾಮಾನು ಮಾರುವಾಗ ಇವನು ಒಂದು ಕೆಟ್ಟುಹೋದ ರೆಕಾರ್ಡ್ ಪ್ಲೇಯರ್ ತಂದ. ಅದರ ಮೇಲೆ ಒಂದೇ ಒಂದು ಪ್ಲೇಟಿತ್ತು. ಮನೆಯವರು ಮಂಚ ತಾ ಎಂದು ಕಳಿಸಿದ್ದರಂತೆ! ಕೆಲವು ದಿನ ಅದರ ಮುಂದೆ ಸೂತಕದ ಮೋರೆ ಹಾಕಿಕೊಂಡು ಕೂತ. ಒಂದು ಸಂಜೆ ಕಚೇರಿಯಿಂದ ಬಂದವನೇ ಗುಂಡಿ ಒತ್ತುತ್ತಾನೆ, ಮಿಶಿನ್ನು ತಿರುಗಿತು! "ಕೈಗುಣ ಅಂದ್ರ ಇದು! ಮುಟ್ಟಿದೆ, ಎದ್ದು ಕೂತು!" ಈ ಕೈಗುಣದ ಕಥೆಯನ್ನು ನಾವೆಲ್ಲ ಲಾಲಿಯ ಜೊತೆಗೇ ಕೇಳಿ ಬೆಳೆದವರು.

ಆ ಪ್ಲೇಟಿನಲ್ಲಿದ್ದದ್ದು ಒಂದು ಸ್ಯಾಕ್ಸೊಫೋನ್ ವಾದನ. ಗಂಡ ಹೆಂಡತಿ ಇಬ್ಬರೂ ದಿನಾ ಸಂಜೆ ಅದನ್ನೇ ಕೇಳುತ್ತಿದ್ದರಂತೆ. ಎರಡನೆಯ ಬೇಸಿಗೆಗೆ ಮಾಮಿ ತಾರಸಿಯ ಮೇಲೆ ಹಪ್ಪಳ ಒಣಹಾಕಿದಳು. ಗಾಳಿಗೆ ಅರಿವೆ ಹಾರಬಾರದೆಂದು ಒಂದು ಮೂಲೆಗೆ ಇನ್ನೂ ಭಾರ ಬೇಕಾಗಿತ್ತು. ಕೈಗೆ ಸಿಕ್ಕದ್ದು ಆ ಪ್ಲೇಟು! ಪುಣೆಯ ಬಿಸಿಲು ಯಾರ ಮುಲಾಜು ನೋಡುತ್ತದೆ? ಸಂಜೆಗೆ ಹಪ್ಪಳ ಸಪಾಟಾಗಿದ್ದವು, ಪ್ಲೇಟು ಹಪ್ಪಳವಾಗಿತ್ತು.

ಮಾಮಾ ಮಿಶಿನ್ನನ್ನು ಜುನಾ ಬಾಜಾರದ ಹಳೇ ಸಾಮಾನಿನವನಿಗೆ ಹಾಕಿದ, ಡೊಂಕಾದ ಪ್ಲೇಟನ್ನು ಶೋಕೇಸಿನಲ್ಲಿಟ್ಟ. ಮಾಮಿ ಹಪ್ಪಳ ಮಾಡುವುದನ್ನೇ ಬಿಟ್ಟಳು. ಅವಳ ತವರಿನ ಹಪ್ಪಳವೆಂದರೆ ಬಾಗಲಕೋಟೆಯಲ್ಲೆಲ್ಲ ಹೆಸರು. ಮಾಮಾನಿಗೆ ಅದಿಲ್ಲದೆ ಸಾರನ್ನ ಇಳಿಯುತ್ತಿರಲಿಲ್ಲ. ಬಿಬವೇವಾಡಿಯ ಅಂಗಡಿಯ ಹಪ್ಪಳವನ್ನು ಕರಿದು ಬಡಿಸುವಾಗ ಅವಳು ಮುಖ ಆಚೆ ತಿರುಗಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ.

ತೊಂಬತ್ತರ ದಶಕದಲ್ಲಿ ಆ ಹಳೆಯ ವಾದನಗಳನ್ನು ಕಂಪನಿಗಳು ಕ್ಯಾಸೆಟ್ಟು, ಸಿ.ಡಿ.ಗಳಲ್ಲಿ ಮರಳಿ ಹೊರತರತೊಡಗಿದವು. ಮಾಮಾ ಸೊಂಟ ಕಟ್ಟಿ ನಿಂತ. ಹುಡುಕಾಟಕ್ಕೆ ಬಸ್ಸಿನಲ್ಲಿ ಜೊತೆಗೆ ನಾನು, ಅವನ ಅಕ್ಕನ ಮಗಳು. "ಮಾಮಾ, ಅಷ್ಟೇನದ ಅದರಾಗ?" ಎಂದು ಒಮ್ಮೆ ಕೇಳಿದೆ. "ಹಾಡಿಂದ ಹೋಗ್ಲಿ ಬಿಡು. ಅದೊಂದು ಸಿಕ್ಕರ ಆಕಿ ಮತ್ತ ಹಪ್ಪಳಾ ಮಾಡ್ತಾಳ" ಎಂದು ಕಿಟಕಿಯಾಚೆ ನೋಡಿದ.

ಪುಣೆ ಕ್ಯಾಂಪಿನ ಕ್ಯಾಸೆಟ್ ಅಂಗಡಿಯವನಿಗೆ ಮಾಮಾನನ್ನು ಕಂಡರೆ ಎದೆ ಡವಡವ. ಮೊದಲು ಅವನು ಸ್ಯಾಕ್ಸೊಫೋನಿನಲ್ಲಿ ಹಿಂದಿ ಸಿನೆಮಾ ಹಾಡು ನುಡಿಸಿದ ಕ್ಯಾಸೆಟ್ ಕೊಟ್ಟು ನೋಡಿದ. ಮಾಮಾ ಅಂಗಡಿಯಲ್ಲೇ ನಿಂತು ಬೀಬಾಪಿನ ಇತಿಹಾಸ ಹೇಳಿದ, ಮರಾಠಿಯಲ್ಲಿ! ಬಂದ ಗಿರಾಕಿಗಳೆಲ್ಲ ತಿರುಗಿ ಹೋದರು. ಅಂದಿನಿಂದ ಅಂಗಡಿಯವ ಪರದೇಶಕ್ಕೆ ಬರೆದು ತರಿಸಿಕೊಡತೊಡಗಿದ. ಪಾರ್ಸೆಲ್ ಬಂದರೆ ಸಾಕು, ಬೀದಿಗೆಲ್ಲ ಕೇಳುವಂತೆ, "ಕಾಕಾ, ಆಲಾ ತುಮಚಾ ಮಾಣೂಸ್!" ನಿಮ್ಮ ಮನುಷ್ಯ ಬಂದ ಎಂದು ಅವನು ಕೂಗುತ್ತಿದ್ದುದನ್ನು ಕೇಳಿದ ಹಾದಿಹೋಕರು, ಊರಿನಿಂದ ಯಾರೋ ಅಳಿಯ ಬಂದನೆಂದು ತಿಳಿಯಬೇಕು.

ಮೊದಲನೆಯ ಸಿ.ಡಿ. ಬಂದ ದಿನ ಮಾಮಿ ದೀಪ ಹಚ್ಚಿದಳು. ಹಾಡಿಗೆ ಪ್ಲೇಟಿನ ಮೇಲಿದ್ದ ಹೆಸರೇ, ನುಡಿಸಿದವರೂ ಅವರೇ. ಸಿ.ಡಿ. ಹಚ್ಚಿದೆವು. ಸ್ಯಾಕ್ಸೊಫೋನಿನವ ನಾಯಿ ಬೆನ್ನು ಹತ್ತಿದಂತೆ ಹೊರಟ. ಮಾಮಾನ ಮುಖ ಇಳಿಯಿತು. "ಇದಲ್ಲ. ನಮ್ಮದು ನಿಧಾನ ಇತ್ತು, ಭಾಳ ನಿಧಾನ. ಮನಶಾ ಅವನ, ಹಾಡು ಅದಲ್ಲ." ಮಾಮಿ ಸದ್ದಿಲ್ಲದೆ ಒಳಗೆ ಹೋದಳು.

ಇಷ್ಟಕ್ಕೆ ಬಿಟ್ಟರೆ ಅವನು ನಮ್ಮ ಮಾಮಾನೇ? ಆ ಬೀಬಾಪಿನವರು ಒಂದೇ ಹಾಡನ್ನು ಸ್ಟುಡಿಯೋದಲ್ಲಿ ನಾಲ್ಕಾರು ಸಲ ನುಡಿಸಿ, ಒಂದನ್ನು ಆರಿಸುತ್ತಿದ್ದರಂತೆ. ಬಿಟ್ಟ ಉಳಿದವನ್ನೂ ಹುಡುಕಿ ಹೊಸ ಸಿ.ಡಿ.ಗಳಲ್ಲಿ ಸೇರಿಸುತ್ತಾರಂತೆ. ಹಾಗಾದರೆ ನಿಧಾನದ್ದು ಎಲ್ಲೋ ಒಂದರಲ್ಲಿ ಇರಲೇಬೇಕಲ್ಲ! ಒಂದು ಸಿ.ಡಿ.ಯಲ್ಲಂತೂ ಅದೇ ಹಾಡು ಸಾಲಾಗಿ ನಾಲ್ಕು ಸಲ. ನಡುವೆ ನಾಲ್ಕು ಸ್ವರ ನುಡಿಸಿ ನಿಲ್ಲಿಸಿದ್ದು ಬೇರೆ. ಮೇಲಿನ ಮನೆಯ ಜೋಶಿ ಕಾಕಾ ಸ್ಕ್ರೂಡ್ರೈವರ್ ಹಿಡಿದು ಇಳಿದು ಬಂದರು. "ಅಡಕಲೇಯ್ ಕಾ ಹೋ?" ಸಿಕ್ಕಿಕೊಂಡಿದೆಯೇ ಎಂದು ಕೇಳಿದ ಆ ಪುಣ್ಯಾತ್ಮರನ್ನು ಕೂರಿಸಿ ಮಾಮಾ ನಾಲ್ಕನ್ನೂ ಕೇಳಿಸಿದ. ಆಮೇಲೆ ಅವರು ಮೆಟ್ಟಿಲ ಮೇಲೆ ಎದುರಾದರೂ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ಪ್ರತಿ ಸಿ.ಡಿ.ಗೂ ಒಂದು ಶಾಸ್ತ್ರವಿತ್ತು. ಜೊತೆಗೆ ಬಂದ ಪುಸ್ತಿಕೆಯಿಂದ ವಾದಕರ ಹೆಸರುಗಳನ್ನು ಮಾಮಾ ಸಹಸ್ರನಾಮದಂತೆ ಗಟ್ಟಿಯಾಗಿ ಓದುತ್ತಿದ್ದ: ಸ್ಯಾಕ್ಸೊಫೋನ್ ಇಂಥವರು, ಡ್ರಮ್ ಇಂಥವರು. "ಹಳೇ ಪ್ಲೇಟಿನ್ಯಾಗ ಒಬ್ಬಂದ ಹೆಸರು ಇತ್ತು ನೋಡು. ಹಿಂದ ಕೂತು ಬಡದವರದು ಯಾರಿಗೂ ಗೊತ್ತಿರಲಿಲ್ಲ. ಈಗ ಎಲ್ಲಾರದೂ ಹಾಕ್ಯಾರ. ನ್ಯಾಯ ಅಂದ್ರ ಇದು!" ಅಮೆರಿಕದ ಡ್ರಮ್ಮಿನವರೆಲ್ಲ ಹೀಗೆ ಹೆಸರು ಸಮೇತ ಬಾಯಿಪಾಠ. ಕಟ್ಟಿಕೊಂಡ ಹೆಂಡತಿ ಮಾತ್ರ "ಏ, ಇಲ್ಲೆ ಕೇಳು!" ಹೆಂಡತಿಯ ಹೆಸರು ಹಿಡಿಯುವುದು ಅವರ ಮನೆತನದಲ್ಲೇ ಇಲ್ಲವಂತೆ!

ಹೀಗೆ ವರುಷಗಳು ಉರುಳಿದವು, ಸಿ.ಡಿ.ಗಳು ಕಪಾಟು ತುಂಬಿದವು, ನಾನು ಹಿಂಜವಾಡಿಯ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದೆ. ಒಂದು ದಿನ ಮಾಮಿ ರೊಟ್ಟಿ ಬಡಿಯುತ್ತ ಏನೋ ಗುನುಗುತ್ತಿದ್ದಳು. ಎಲ್ಲೋ ಕೇಳಿದ್ದೇನಲ್ಲ? ಕೇಳಿದರೆ, "ಅದ ಪ್ಲೇಟಿಂದವಾ" ಎಂದು ಬಾಯಿ ಮುಚ್ಚಿಕೊಂಡಳು. ಮರುದಿನ ಕಂಪನಿಯ ಟ್ಯಾಕ್ಸಿಯಲ್ಲಿ ನಾನು ಅದನ್ನೇ ಗುನುಗಿ ತೋರಿಸಿ, ಜೊತೆಯವನಿಗೆ ಮಾಮಾನ ಮೊದಲ ಸಿ.ಡಿ. ಕೊಟ್ಟೆ. ಅವನು ಬೆಂಗಳೂರಿನವ, ಗಿಟಾರ್ ನುಡಿಸುತ್ತಿದ್ದ. ಮಧ್ಯಾಹ್ನ ಓಡಿ ಬಂದ. "ಮೇಡಮ್, ಟ್ಯೂನ್ ಸೇಮ್ ಇದೆ! ಸ್ಪೀಡ್ ಮಾತ್ರ ಬೇರೆ. ನಿಮ್ಮ ಅಂಕಲ್ ಪ್ಲೇಯರ್ ಸ್ಲೋ ಇತ್ತು ಅನ್ಸುತ್ತೆ. ಕಂಪ್ಯೂಟರಲ್ಲಿ ನಿಧಾನ ಮಾಡಿ ಕೊಡ್ಲಾ?"

ಭಾನುವಾರ ಆ ಹೊಸ ಸಿ.ಡಿ. ಹಚ್ಚಿದೆ. ಓಡುತ್ತಿದ್ದ ಮನುಷ್ಯ ನಡೆಯತೊಡಗಿದ. ಸ್ಯಾಕ್ಸೊಫೋನಿನ ದನಿ ದಪ್ಪಗಾಗಿ, ಊಟವಾದ ಮೇಲೆ ಜಗಲಿಗೆ ಕೂತು ಮಾತಾಡಿದ ಹಾಗೆ ಬಂತು. ಮಾಮಾ ಕುರ್ಚಿಯ ಹಿಡಿಕೆ ಗಟ್ಟಿಯಾಗಿ ಹಿಡಿದ. "ಇದ! ಇದ ನೋಡು!" ಕಣ್ಣಲ್ಲಿ ನೀರು. ನಾನು ಜಂಬದಿಂದ ಸ್ಪೀಡಿನ ಸಂಗತಿ ಹೇಳಿದೆ. "ಛೇ, ಛೇ! ನನ್ನ ಕೈಗುಣದಿಂದ ಎದ್ದ ಮಿಶಿನ್ ಅದು, ಸ್ಲೋ ಹ್ಯಾಂಗಾದೀತು?"

"ಕೈಗುಣ ಅಲ್ಲರೀ" ಎಂಬ ದನಿ ಬಂತು. ಮಾಮಿ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. "ಒಳಗಿನ ಬೆಲ್ಟ್ ಹರದಿತ್ತು. ನೀವು ಅದರ ಮುಂದ ಮಾರಿ ಸಣ್ಣದು ಮಾಡಿ ಕೂಡೋದು ನೋಡಾಕ ಆಗಲಿಲ್ಲ. ನೀವು ಕಚೇರಿಗೆ ಹೋದಾಗ ನನ್ನ ಜಡಿ ರಿಬ್ಬನ್ ತಗದು ಬಿಗದಿದ್ದೆ. ಅದು ಜಾರಿ ಜಾರಿ ತಿರಗತಿತ್ತು ಕಾಣಸ್ತದ. ಹೇಳೋಣು ಅನ್ನೂದ್ರಾಗ ಪ್ಲೇಟ್ ಕೆಡಿಸಿಬಿಟ್ಟೆ. ಮಿಶಿನ್ನೂ ನಾನ ಕೆಡಸೀನಿ ಅಂತೀರೇನೋ ಅಂತ ಸುಮ್ನಾದೆ."

ಮಾಮಾ ಎದ್ದು ಪೆನ್ನು ಹುಡುಕಿದ. ಸಿ.ಡಿ.ಯ ಬರೀ ಬಿಳಿಯ ಹೊದಿಕೆಯ ಮೇಲೆ ಎಲ್ಲರ ಹೆಸರನ್ನೂ ಬಾಯಿಪಾಠದಿಂದಲೇ ಬರೆದ. ಶಾಸ್ತ್ರದಂತೆ ಎದ್ದು ನಿಂತು ಓದಿದ. ಸ್ಯಾಕ್ಸೊಫೋನ್ ಇಂಥವರು, ಟ್ರಂಪೆಟ್ ಇಂಥವರು, ಪಿಯಾನೊ, ಬಾಸ್, ಡ್ರಮ್ ಇಂಥಿಂಥವರು. ಗಂಟಲು ಸರಿಮಾಡಿಕೊಂಡ.

"ರಿಬ್ಬನ್, ಸುಶೀಲಾ."

ಮಾಮಿ "ಅಯ್ಯ! ಹೆಸರು ಹಿಡದ್ರಿ!" ಎಂದು ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡಳು. ಅವಳು ಅಡುಗೆಮನೆಗೆ ಓಡಿದಳು. ಅಲ್ಲಿಂದ ಸ್ವಲ್ಪ ಹೊತ್ತು ಬರೀ ಪಾತ್ರೆಯ ಸಪ್ಪಳ. ಆಮೇಲೆ ಅವಳ ದನಿ ಕೇಳಿಸಿತು.

"ಏನ್ರಿ, ನಾಳೆ ಪ್ಯಾಟಿಗೆ ಹೋದಾಗ ಉದ್ದಿನ ಹಿಟ್ಟು ತರ್ರಿ. ಬಿಸಲು ಛಲೋ ಅದ."