ಪಡಸಾಲೆಯಲ್ಲಿ ನಾಲ್ಕು ಸಿಲಿಂಡರ್

ನನ್ನ ಹೆಂಡತಿಯ ತಮ್ಮ ಸೋಮಲಿಂಗನಿಗೆ ದೇವರು ಎರಡು ಕಿವಿ ಕೊಟ್ಟಿರುವುದು ಕನ್ನಡಕ ಸಿಕ್ಕಿಸಲಿಕ್ಕೆ ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲದಿದ್ದರೆ ತನ್ನ ಬೈಕಿನ ಆ ಗದ್ದಲ ಕೇಳಿಯೂ ಅವನು ಅದನ್ನು ನಾಲ್ಕು ಜನರ ಮುಂದೆ ಓಡಿಸುತ್ತಿರಲಿಲ್ಲ.

ನನ್ನ ಹತ್ತಿರ ಎಪ್ಪತ್ತೆಂಟನೇ ಇಸವಿಯ ಜಪಾನಿ ಬೈಕಿದೆ. ಏಳುನೂರೈವತ್ತು ಸಿಸಿ, ನಾಲ್ಕು ಸಿಲಿಂಡರ್, ನಾಲ್ಕು ಕಾರ್ಬುರೇಟರ್. ಪುಣೆಯಿಂದ ಟೆಂಪೋದಲ್ಲಿ ತಂದು ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿಷ್ಠಾಪನೆ ಮಾಡಿದ್ದೆ. ಸೋಮಲಿಂಗನದು ಬೇರೆ ಕಂಪನಿಯ ಆರುನೂರೈವತ್ತು. ಅದಕ್ಕೂ ನಾಲ್ಕು ಸಿಲಿಂಡರಂತೆ. (ನಮ್ಮ ಓಣಿಯ ಎಮ್ಮೆಗೂ ನಾಲ್ಕು ಕಾಲಿವೆ, ಅದನ್ನು ಯಾರೂ ರೇಸಿಗೆ ಕರೆಯುವುದಿಲ್ಲ.) ಹತ್ತು ನಿಮಿಷ ಚೋಕ್ ಎಳೆದು ಕಾಯಿಸದೆ ಅದು ಹೊರಡುವುದಿಲ್ಲ. ಪೆಟ್ರೋಲ್ ಬಂದ್ ಮಾಡಲು ಮರೆತರೆ ಅಂಗಳವೆಲ್ಲ ತೊಯ್ಯುತ್ತದೆ. ನನ್ನದೂ ಎಣ್ಣೆ ಸೋರಿಸುತ್ತದೆ, ಒಪ್ಪುತ್ತೇನೆ. ಆದರೆ ಅದು ವಯಸ್ಸಾದ ಗೌರವಸ್ಥರ ಬೆವರು.

ಇಪ್ಪತ್ತು ವರ್ಷದಿಂದ ಪಂಪ್‌ಸೆಟ್ ಅಂಗಡಿ ನಡೆಸುವ ನನಗೆ ಇಂಜಿನ್ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಕಳೆದ ವರ್ಷ ನಾಲ್ಕೂ ಕಾರ್ಬುರೇಟರ್ ಬಿಚ್ಚಿ, ತೊಳೆದು, ನಾನೇ ಜೋಡಿಸಿದೆ. ಅಂದಿನಿಂದ ಬೈಕಿಗೆ ಒಂದು ಗಂಭೀರವಾದ ದನಿ ಬಂದಿತ್ತು.

ಅದೇ ವಾರ ನನ್ನ ಹೆಂಡತಿ ರಾಜೇಶ್ವರಿ ಒಂದು ಖಣ ಕಳೆದುಕೊಂಡಳು. ಅವಳ ತಾಯಿ ಕೊನೆಯ ಸಲ ಉಡಿ ತುಂಬಿದ್ದ ಗುಳೇದಗುಡ್ಡದ ಕೆಂಪು ಖಣ ಅದು. ತಾಯಿ ಈಗಿಲ್ಲ, ಹಾಗಾಗಿ ಅದನ್ನು ಕುಪ್ಪಸ ಹೊಲಿಸದೆ ಹಾಗೇ ಎತ್ತಿಟ್ಟಿದ್ದಳು. ಮನೆಯೆಲ್ಲ ಹುಡುಕಿ ಅತ್ತಳು. ಸೋಮಲಿಂಗನ ಹೆಂಡತಿ ವೈಶಾಲಿ ಬನಹಟ್ಟಿಯಿಂದ ಬಂದು ಎರಡು ದಿನ ಇದ್ದು ಹೋಗಿದ್ದಳು.

"ನಾ ಏನೂ ಹೇಳಂಗಿಲ್ಲ. ಬಂದವರು ಹ್ವಾದ ಮ್ಯಾಲ ಕಾಣವಲ್ದು, ಅಷ್ಟ," ಎಂದೆ ನಾನು.

ಅಷ್ಟು ಸಾಕಾಯಿತು. ಅತ್ತಿಗೆ ನಾದಿನಿಯರ ಫೋನು ಎಂಟು ತಿಂಗಳು ನಿಂತೇಹೋಯಿತು.

ಆಮೇಲೆ ಒಂದು ರವಿವಾರ ಸೋಮಲಿಂಗ ಒಬ್ಬನೇ ಬಂದ. ಓಣಿಯ ತುದಿಯಲ್ಲಿದ್ದಾಗಲೇ ಸದ್ದಿನಿಂದ ಗೊತ್ತಾಯಿತು.

"ಬಂತು ನೋಡು ನಿಮ್ಮ ತವರಮನಿ ಮಗ್ಗ," ಎಂದೆ.

ರಾಜೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು. "ಮಗ್ಗಕ್ಕ ಯಾಕ ಬೈತೀರಿ? ನಮ್ಮನ್ಯಾಗ ಹತ್ತು ಮಗ್ಗ ನಡದಾಗ ಒಂದು ತಪ್ಪಿದ್ರ ಅಡಗಿಮನ್ಯಾಗ ಕುಂತು ಹೇಳತಿದ್ದೆ ನಾ."

"ಹಂಗಾರ ಇವತ್ತ ನೀನ ಹೇಳು, ಯಾರ ಗಾಡಿ ಛಲೋ."

"ಹೇಳಿದ್ರ ಏನ ಕೊಡತೀರಿ?"

ಅವಳ ಕಣ್ಣು ಎರಡು ವರ್ಷದಿಂದ ಪಡಸಾಲೆಯ ಮೇಲಿತ್ತು. ಅಲ್ಲಿ ಹೊಲಿಗೆ ಯಂತ್ರ ಹಾಕಿ ನಾಲ್ಕು ಹೆಣ್ಣುಮಕ್ಕಳಿಗೆ ಕಲಿಸುವ ಹುಚ್ಚು. "ನನ್ನ ಗಾಡಿ ಸೋತ್ರ ಪಡಸಾಲಿ ನಿಂದು," ಎಂದೆ ಮಹಾರಾಜರ ಗತ್ತಿನಲ್ಲಿ. "ಗೆದ್ರ ಹೊಲಿಗಿ ಮಷಿನ್ ಮಾತು ಮತ್ತ ಎತ್ತಬಾರದು."

ಎರಡೂ ಬೈಕುಗಳನ್ನು ಅಂಗಳದಲ್ಲಿ ಚಾಲೂ ಮಾಡಿದೆವು. ನನ್ನ ಇಂಜಿನ್ ಎಷ್ಟು ನಡುಗದೆ ಓಡುತ್ತದೆಂದು ತೋರಿಸಲು ಹತ್ತು ರೂಪಾಯಿ ನಾಣ್ಯವನ್ನು ಅದರ ಮೇಲೆ ಅಂಚೂರಿ ನಿಲ್ಲಿಸಿದೆ. ಬಿತ್ತು.

"ಗಾಳಿ," ಎಂದೆ. ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸೋಮಲಿಂಗ ಅದೇ ನಾಣ್ಯ ತೆಗೆದುಕೊಂಡು ತನ್ನ ಇಂಜಿನ್ ಮೇಲೆ ನಿಲ್ಲಿಸಿದ. ಅದು ನಿಂತೇ ಇತ್ತು. (ನಾಣ್ಯಕ್ಕೂ ತವರುಮನೆಯ ಕಡೆಯವರೇ ಬೇಕು.)

ರಾಜೇಶ್ವರಿ ನನ್ನ ಬೈಕಿನ ಪಕ್ಕ ಕಣ್ಣು ಮುಚ್ಚಿ ನಿಂತಳು. "ನಾಕರಾಗ ಒಂದು ಸತ್ತೈತಿ," ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಒಳಗಿಂದ ತಂಬಿಗೆಯಲ್ಲಿ ನೀರು ತಂದು, ಹಂಚು ಕಾದಿದೆಯೋ ಇಲ್ಲವೋ ಎಂದು ನೋಡುವಂತೆ, ಇಂಜಿನ್‌ನಿಂದ ಹೊರಬರುವ ನಾಲ್ಕು ಹೊಗೆ ಕೊಳವೆಗಳಿಗೂ ಬೆರಳಿನಿಂದ ನೀರು ಸಿಡಿಸಿದಳು. ಮೊದಲನೆಯದು ಚುಂಯ್ ಎಂದಿತು. ಎರಡನೆಯದು, ಮೂರನೆಯದು ಕೂಡ. ನಾಲ್ಕನೆಯದರ ಮೇಲೆ ನೀರು ಸುಮ್ಮನೆ ಕುಳಿತು ನಿಧಾನವಾಗಿ ಕೆಳಗಿಳಿಯಿತು.

"ಎಂಟು ತಿಂಗಳಾತು ಇದು ಕಾದಿಲ್ಲ. ನೀವು ಗಂಭೀರ ದನಿ ಅಂತಿದ್ರಿ, ನಾ ಸುಮ್ಮನಿದ್ದೆ."

"ಮಾಮಾರ, ತಪ್ಪು ತಿಳಕೋಬ್ಯಾಡ್ರಿ," ಎಂದು ಸೋಮಲಿಂಗ ವಿನಯದಿಂದ ಹೇಳಿದ. (ನನಗೆ ಅವನ ಬೈಕಿಗಿಂತ ಅವನ ವಿನಯವೇ ಸಹಿಸಲಾಗುವುದಿಲ್ಲ.) ಬೈಕು ಬಂದ್ ಮಾಡಿ, ಸೀಟು ತೆಗೆದು, ಏರ್ ಫಿಲ್ಟರ್ ಬಿಚ್ಚಿ, ಮೊಬೈಲ್ ಬೆಳಕು ಬಿಟ್ಟು ಇಣುಕಿದ. "ನಾಕನೇದರ ಬಾಯಾಗ ಅರಿವಿ ತುರುಕೈತಲ್ರಿ."

ಇಕ್ಕಳದಿಂದ ಎಳೆದ. ಮಸಿ ಹಿಡಿದ ಒಂದು ತುಂಡು ಹೊರಗೆ ಬಂತು. ಒಂದು ಅಂಚು ಮಾತ್ರ ಇನ್ನೂ ಕೆಂಪಗಿತ್ತು.

ಆಗ ನನಗೆ ಎಲ್ಲ ನೆನಪಾಯಿತು. ಕಾರ್ಬುರೇಟರ್ ಜೋಡಿಸುವಾಗ ಬಾಯಿಗಳಲ್ಲಿ ಧೂಳು ಬೀಳಬಾರದೆಂದು ಗೂಡಿನಲ್ಲಿದ್ದ ಯಾವುದೋ ಬಟ್ಟೆಯನ್ನು ನಾಲ್ಕು ತುಂಡು ಮಾಡಿ ತುರುಕಿದ್ದೆ. ಮೂರನ್ನು ತೆಗೆದಿದ್ದೆ. ಅಷ್ಟರಲ್ಲಿ ಊಟಕ್ಕೆ ಕರೆದಿದ್ದರು.

"ಅಕ್ಕಾ, ಇದು ಅವ್ವನ ಖಣ ಅಲ್ಲೇನ?" ಎಂದ ಸೋಮಲಿಂಗ.

ರಾಜೇಶ್ವರಿ ಆ ತುಂಡನ್ನು ತೆಗೆದುಕೊಂಡು ಸೆರಗಿನಿಂದ ಮಸಿ ಒರೆಸಲು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ವೈಶಾಲಿ ಮುಖಾ ನಾ ಹೆಂಗ ನೋಡ್ಲಿ," ಎಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಬನಹಟ್ಟಿಗೆ ಹೋಗಿ ನಾನ ಹೇಳತೇನಿ," ಎಂದೆ.

"ಆ ಮೂರ ಕಾಲಿನ ಗಾಡಿ ತಗೊಂಡ? ಸೋಮೂನ ಹಿಂದ ಕೂಡ್ರಿ."

ಹಾಗೆ ನಾನು ಆ ಮಗ್ಗದ ಹಿಂದಿನ ಸೀಟಿನಲ್ಲಿ ಮಸಿ ಖಣ ಹಿಡಿದು ಬನಹಟ್ಟಿಗೆ ಹೋದೆ. ದಾರಿಯುದ್ದಕ್ಕೂ ಕಿವಿಗೊಟ್ಟು ಕೂತಿದ್ದೆ. ಅದು ಒಂದು ಸಲವಾದರೂ ತಪ್ಪಲಿ ಎಂದು. ತಪ್ಪಲಿಲ್ಲ. ವೈಶಾಲಿ ನಾನು ಹೇಳಿದ್ದನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿ, ತುಂಡನ್ನು ತಿರುಗಿಸಿ ನೋಡಿ, ಒಂದೇ ಪ್ರಶ್ನೆ ಕೇಳಿದಳು: "ಉಳದ ಮೂರು ತುಂಡು ಎಲ್ಲಿ ಅಣ್ಣಾರ?"

ಎಣ್ಣೆ ಒರೆಸಿ ಬಿಸಾಡಿದ್ದೆ. ಅದನ್ನೂ ಹೇಳಬೇಕಾಯಿತು.

ಈಗ ಪಡಸಾಲೆಯಲ್ಲಿ ಎರಡು ಹೊಲಿಗೆ ಯಂತ್ರಗಳಿವೆ. ರವಿವಾರಕ್ಕೊಮ್ಮೆ ವೈಶಾಲಿಯೂ ಬಂದು ಕೂರುತ್ತಾಳೆ. ಬೈಕು ಬೇವಿನ ಮರದ ಕೆಳಗೆ, ನಾಲ್ಕೂ ಸಿಲಿಂಡರ್ ಹೊಡೆಯುತ್ತಾ ಚೆನ್ನಾಗಿದೆ. ಅದನ್ನು ಬಿಚ್ಚಲು ನನಗೆ ಇನ್ನೂ ಅನುಮತಿಯಿದೆ. ಆದರೆ ರಾಜೇಶ್ವರಿ ನಾಲ್ಕು ಅರಿವೆ ಎಣಿಸಿ ಕೊಡುತ್ತಾಳೆ, ನಾಲ್ಕೂ ಎಣಿಸಿ ವಾಪಸ್ ಪಡೆದ ಮೇಲೆಯೇ ನನಗೆ ಊಟಕ್ಕೆ ಬಡಿಸುತ್ತಾಳೆ.