ಫ್ರಾನ್ಸ್ ಮೇಡಂ ಹೇಳಿದ ಏಡಿ ಬುಟ್ಟಿ

ಬಲಸಮುದ್ರದಲ್ಲಿ ಸೋಲಾರ್ ಕೆಲಸದವರಿಗೆಂದು ನಾನೊಂದು ಮೆಸ್ ನಡೆಸುತ್ತೇನೆ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಮತ್ತು ತಮ್ಮನ ಹೆಂಡತಿ, ಇಬ್ಬರು ಓರಗಿತ್ತಿಯರು ಇರುವುದರಿಂದ ನಗುವುದಕ್ಕೆ ನಾನು ಟಿವಿ ಹಾಕಬೇಕಾಗಿಲ್ಲ.

ಮುದ್ದೆ

ನನ್ನವಳು ನಿಡುಗಲ್ ಕಡೆಯವಳು, ಸಿಟ್ಟು ಬಂದರೆ ತೆಲುಗಿಗೆ ಹಾರುತ್ತಾಳೆ. ಚಿಕ್ಕವಳು ಶಿರಾದವಳು. ಮುದ್ದೆಯ ಎಸರಿಗೆ ಅಕ್ಕಿ ನುಚ್ಚು ಹಾಕಬೇಕೆಂದು ಅವಳು, ಬರೀ ಹಿಟ್ಟೇ ಸಾಕೆಂದು ಇವಳು.

ಒಂದು ದಿನ ಹಟಕ್ಕೆ ಬಿದ್ದು ಇಬ್ಬರೂ ಬೇರೆ ಬೇರೆ ಒಲೆಯಲ್ಲಿ ಮುದ್ದೆ ಕಟ್ಟಿದರು. ಊಟಕ್ಕೆ ಬಂದವರು ಯಾಕೆ ಬೇಕು ಪೇಚಾಟವೆಂದು ಎರಡೂ ಬಗೆಯದನ್ನು ಒಂದೊಂದು ಹಾಕಿಸಿಕೊಂಡು ಕಾದು ಕೂತರು. ಕಾದೇ ಕೂತರು. ಸಾರು ಮಾಡುವುದನ್ನು ಇಬ್ಬರೂ ಮರೆತಿದ್ದರು.

ಆರ್ಡರ್

ನಮ್ಮಲ್ಲಿ ಊಟಕ್ಕೆ ಬರುವ ಎಂಜಿನಿಯರ್ ಒಬ್ಬರು ಫ್ರಾನ್ಸ್‌ನವರು. ಕನ್ನಡ ಅಷ್ಟಿಷ್ಟು ಕಲಿತಿದ್ದಾರೆ.

"ಒಳಗೆ ಏನು ಜಗಳ?" ಎಂದು ಒಮ್ಮೆ ಕೇಳಿದರು.

"ಜಗಳ ಅಲ್ಲ ಮೇಡಂ, ಅಡುಗೆ," ಎಂದೆ.

"ನಮ್ಮ ದೇಶದಲ್ಲಿ ಇದಕ್ಕೆ ಏಡಿ ಬುಟ್ಟಿ ಅಂತಾರೆ."

ಗಿರಾಕಿ ಬಾಯಲ್ಲಿ ಯಾವ ಅಡುಗೆಯ ಹೆಸರು ಬಂದರೂ ಮಾರನೇ ದಿನ ಮಾಡಿ ಬಡಿಸುವುದು ನಮ್ಮ ಮೆಸ್ಸಿನ ರೂಢಿ. ಬೆಳಗ್ಗೆಯೇ ಕೆರೆಯ ಮೀನಿನವನ ಹತ್ತಿರ ಒಂದು ಬುಟ್ಟಿ ಏಡಿ ತಂದೆ. ಮಧ್ಯಾಹ್ನ ಏಡಿ ಸಾರು ಬಡಿಸಿದರೆ ಮೇಡಂ ಕಣ್ಣರಳಿಸಿದರು.

"ಇದು ಯಾಕೆ?"

"ನೀವೇ ಕೇಳಿದ್ರಲ್ಲ!"

ಅವರು ನಕ್ಕು ನಕ್ಕು ಸುಸ್ತಾಗಿ ಅರ್ಥ ಹೇಳಿದರು. ಬುಟ್ಟಿಯೊಳಗಿನ ಏಡಿಗಳಂತೆ ಸದಾ ತಮ್ಮತಮ್ಮಲ್ಲೇ ಕಚ್ಚಾಡುವ ಜನರಿಗೆ ಅಲ್ಲಿ ಹಾಗೆನ್ನುತ್ತಾರಂತೆ. ಹೇಳುತ್ತಾ ಅಡುಗೆಮನೆ ಕಡೆ ಕೈ ತೋರಿಸಿದರು. ಒಳಗೆ ಒಮ್ಮೆಗೇ ಸದ್ದಡಗಿತು. ಚಿಕ್ಕವಳು ಸೌಟು ಹಿಡಿದೇ ಹೊರಗೆ ಬಂದಳು.

"ನಮ್ಮಕ್ಕನ್ನ ಏಡಿ ಅಂದ್ರಾ?"

ನನ್ನವಳು ಹಿಂದಿನಿಂದ ಕೂಗಿದಳು: "ನನ್ನೊಬ್ಬಳ್ನೇ ಅಲ್ಲ ಕಣೇ, ನಿನ್ನೂ ಸೇರ್ಸೇ ಅಂದಿರೋದು!"

ಶುರುವಾಯಿತು ಮತ್ತೆ.

ಬಸ್ಸು

ಹೋದ ತಿಂಗಳು ಮಿಕ್ಸಿ ಮುಚ್ಚಳ ಒಡೆದದ್ದು ಯಾರೆಂದು ಜಗಳ ಹತ್ತಿಕೊಂಡಿತು. ಚಿಕ್ಕವಳು ಬ್ಯಾಗು ತುಂಬಿದಳು.

"ಬಾವ, ನಾನು ನಮ್ಮಮ್ಮನ ಮನೆಗೆ ಹೊಂಟೆ. ಇನ್ ಬರಾಕಿಲ್ಲ."

ಅವಳು ಹೋದರೆ ಮೆಸ್ಸಿಗೆ ಬೀಗ. ಅದಕ್ಕಿಂತ ಹೆಚ್ಚಾಗಿ, ತಮ್ಮನೂ ಬೇರೆ ಹೋದರೆ ಮನೆ ಎರಡಾಗುತ್ತದೆ. ನಿಜಕ್ಕೂ ಹೆದರಿದೆ.

ಶಿರಾ ಬಸ್ಸು ಬಂತು. ಚಿಕ್ಕವಳು ಹತ್ತಿದಳು. "ಏಮೇ, ಮಾತು ಮುಗೀದೆ ಎಲ್ಲಿಗೋಯ್ತೀಯ?" ಎಂದು ನನ್ನವಳೂ ಹಿಂದೆಯೇ ಹತ್ತಿದಳು. ಕಂಡಕ್ಟರ್ "ರೈಟ್" ಎಂದ. ಹೆಂಗಸರಿಗೆ ಬಸ್ಸು ಫ್ರೀ, ಟಿಕೆಟ್ ಇಲ್ಲವೆಂದು ಇಳಿಸುವ ಹಾಗೂ ಇಲ್ಲ. ಇಬ್ಬರೂ ಹೊರಟೇಹೋದರು.

ಒಲೆ ಮೇಲೆ ಅನ್ನ ಸೀಯುತ್ತಿತ್ತು. ನನಗೆ ಉಪ್ಪು ಎಷ್ಟು ಹಾಕಬೇಕೆಂದೂ ಗೊತ್ತಿಲ್ಲ. ನನ್ನ ಅವಸ್ಥೆ ನೋಡಿ ಮೇಡಂ ಈರುಳ್ಳಿ ಹೆಚ್ಚಲು ಕೂತರು. ಮಧ್ಯಾಹ್ನ ನನ್ನವಳ ಫೋನು ಬಂತು.

"ಎಲ್ಲಿದ್ದೀಯೇ?"

"ಶಿರಾದಾಗೆ, ಇವ್ಳ ತವರಲ್ಲಿ."

"ಜಗಳ ಮುಗೀತಾ?"

"ಎಲ್ ಮುಗ್ದೈತೆ? ಇವ್ರಮ್ಮ ಕೋಳಿ ಕುಯ್ಬುಟ್ಟವ್ರೆ. ಉಂಡು, ಒಂದ್ ನಿದ್ದೆ ಮಾಡಿ, ಎದ್ದು ಮುಂದಕ್ಕೆ ಸುರು ಮಾಡ್ತೀವಿ. ನಾಳೆ ಇಬ್ರೂ ಒಂದೇ ಬಸ್ಸಿಗೆ ಬತ್ತೀವಿ, ಬುಡು."

ನನಗೆ ಹೋದ ಜೀವ ಬಂದಂತಾಯಿತು. ಕಣ್ಣೀರು ಸುರಿಸುತ್ತಾ ಈರುಳ್ಳಿ ಹೆಚ್ಚುತ್ತಿದ್ದ ಮೇಡಂ, "ಏನಂದರು?" ಎಂದು ಕೇಳಿದರು.

"ಊಟಕ್ಕೆ ಬಿಟ್ಟವ್ರಂತೆ ಮೇಡಂ," ಎಂದೆ.