ಅಮ್ಮನ ಚಾನೆಲ್‌ಗೆ ಪರ್ಮಿಷನ್ ಇಲ್ಲ

ನನ್ನ ಮನೆಯ ಟಿವಿಯಲ್ಲಿ ಏನು ಬರಬೇಕು, ಏನು ಬರಬಾರದು ಎಂಬುದನ್ನು ಇನ್ನು ಮುಂದೆ ನಾನೇ ತೀರ್ಮಾನಿಸುತ್ತೇನೆ! ಹೀಗೆಂದು ಬೂದಿಗೆರೆಯ ನಮ್ಮ ಬೀದಿಯ ನಡುವೆ ನಿಂತು ಘೋಷಿಸಿ, ಮಚ್ಚು ಬೀಸಿ, ಕೇಬಲ್ ವೈರನ್ನು ಒಂದೇ ಏಟಿಗೆ ತುಂಡರಿಸಿದ ವೀರ ನಾನು. ಕೋಟೆ ಗೆದ್ದ ಪಾಳೇಗಾರನೂ ಅಷ್ಟು ಎದೆ ಉಬ್ಬಿಸಿರಲಾರ. ಚಿತ್ರ ಸರಿಯಾಗಿ ಬರುತ್ತಿಲ್ಲ ಎಂದು ಕೇಳಿದ್ದಕ್ಕೆ ಕೇಬಲ್ ಬೈರೇಶ, "ಬೇಕಾದ್ರೆ ನೋಡು, ಬೇಡಾಂದ್ರೆ ಬಿಡು ಗುರು" ಅಂದುಬಿಟ್ಟಿದ್ದ. ಯಾರಿಗೆ? ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆಲ್ಲ ಟ್ಯಾಂಕರ್‌ನಲ್ಲಿ ನೀರು ಕುಡಿಸುವ ಈ ಮುನೀಂದ್ರನಿಗೆ!

ಮರುದಿನವೇ ದೇವನಹಳ್ಳಿಯಿಂದ ಡಬ್ಬಿ ತಂದೆ. ಇಂಟರ್ನೆಟ್‌ನಲ್ಲಿ ಓಡುವ ಡಬ್ಬಿ. ಅಂಗೈಯಷ್ಟಿದೆ, ಪ್ರಪಂಚದ ಸಿನಿಮಾವೆಲ್ಲ ಅದರ ಹೊಟ್ಟೆಯಲ್ಲಿ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ನಾನು ಯಾರ ಹಂಗೂ ಇಲ್ಲದೆ ಜೋಡಿಸಿದೆ.

"ಬೈರೇಶನ ಚಾನೆಲ್ ಬರ್ತದಾ?" ಎಂದಳು ಅಮ್ಮ.

ನಮ್ಮಮ್ಮ ಪಿಳ್ಳಮ್ಮನಿಗೆ ಸಿನಿಮಾ ಬೇಡ, ಸೀರಿಯಲ್ ಬೇಡ. ಬೈರೇಶ ತನ್ನ ಲೋಕಲ್ ಚಾನೆಲ್‌ನಲ್ಲಿ ಬೆಳಿಗ್ಗೆಯೂ ಸಂಜೆಯೂ ತೋರಿಸುವ ಸಾವಿನ ಸುದ್ದಿ ಸಾಕು. ಸತ್ತವರ ಫೋಟೊ, ಊರು, ಮಣ್ಣು ಎಷ್ಟು ಹೊತ್ತಿಗೆ, ಮೂರನೇ ದಿನದ ಹಾಲುತುಪ್ಪ ಯಾವತ್ತು, ಎಲ್ಲ ಬರುತ್ತದೆ. ಅನುಗೊಂಡನಹಳ್ಳಿಯಲ್ಲಿ ಅವಳ ಅಕ್ಕ ಅಮ್ಮಯಮ್ಮ ಹಾಸಿಗೆ ಹಿಡಿದಿದ್ದಳು. ಆ ದೊಡ್ಡಮ್ಮನ ಮಗ ದೇವರಾಜನಿಗೂ ನನಗೂ ಮಾತಿಲ್ಲ. ಅವನ ಗೃಹಪ್ರವೇಶದಲ್ಲಿ ನನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದ್ದ. ಅವತ್ತಿನಿಂದ ಆ ಮನೆಗೆ ಯಾರೂ ಹೋಗಕೂಡದು, ಫೋನೂ ಮಾಡಕೂಡದು ಎಂದು ನನ್ನ ಕಟ್ಟಪ್ಪಣೆ. ಹಾಗಾಗಿ ಅಕ್ಕ ಇನ್ನೂ ಬದುಕಿದ್ದಾಳೆ ಎಂಬುದು ಅಮ್ಮನಿಗೆ ಗೊತ್ತಾಗುತ್ತಿದ್ದದ್ದು ಒಂದೇ ದಾರಿಯಲ್ಲಿ: ಸತ್ತವರ ಸಾಲಿನಲ್ಲಿ ಅವಳ ಮುಖ ಬಂದಿಲ್ಲ ಎಂಬುದರಿಂದ.

ಬೈರೇಶ ತನ್ನ ಚಾನೆಲ್‌ಗೊಂದು ಆ್ಯಪ್ ಮಾಡಿಸಿದ್ದ. ಡಬ್ಬಿಯೊಳಗಿನ ಆ್ಯಪ್ ಅಂಗಡಿಯಲ್ಲಿ ಅದು ಇರಲಿಲ್ಲ. ನಾನು ಬಿಡುತ್ತೇನೆಯೇ? ಪೆನ್‌ಡ್ರೈವ್‌ನಲ್ಲಿ ತಂದು ತುರುಕಿದೆ. ಬಂತು. ಅಮ್ಮ ನೋಡಿದಳು, ಅಕ್ಕ ಇಲ್ಲ, ನೆಮ್ಮದಿಯಾಗಿ ಮುದ್ದೆ ಉಂಡಳು.

ಒಂದು ಬೆಳಿಗ್ಗೆ ಡಬ್ಬಿ ತಾನೇ ಅಪ್‌ಡೇಟ್ ಆಯಿತು. 'ನಿಮ್ಮ ಸುರಕ್ಷತೆಗಾಗಿ ಈ ಚಾನೆಲ್ ತೆಗೆಯಲಾಗಿದೆ' ಎಂದಿತು. ಮತ್ತೆ ತುರುಕಿದೆ. 'ಹೊರಗಿನ ಚಾನೆಲ್‌ಗಳಿಗೆ ಅನುಮತಿ ಇಲ್ಲ.' ರಿಮೋಟನ್ನು ಗೋಡೆಗೆ ಎಸೆದು, ಹೆಂಡತಿ ಕವಿತಳ ಕೈಯಲ್ಲೇ ಅದಕ್ಕೆ ಟೇಪು ಸುತ್ತಿಸಿ, ಕಂಪನಿಗೆ ಫೋನ್ ಹಚ್ಚಿದೆ. ಮೋನಿಷಾ ಎಂಬ ಹುಡುಗಿ ಸಿಕ್ಕಳು.

"ಸರ್, ಅದು ಕಂಪನಿ ಒಪ್ಪಿದ ಚಾನೆಲ್ ಅಲ್ಲ. ನಿಮ್ಮ ಒಳ್ಳೇದಕ್ಕೇ ತಡೆದಿದ್ದೀವಿ."

"ಏನಮ್ಮಾ, ಟಿವಿ ನಂದು, ಡಬ್ಬಿ ನಂದು, ಕರೆಂಟು ನಂದು, ಸಾಯೋರು ನಮ್ಮೋರು. ನಡುವೆ ನಿಂದೇನು?"

"ಡಬ್ಬಿ ನಿಮ್ದೇ ಸರ್. ಒಳಗಡೆ ಇರೋದು ಕಂಪನೀದು."

"ಅಂದ್ರೆ ಎಮ್ಮೆ ನಂದು, ಕೆಚ್ಚಲು ನಿಂದಾ?"

"ಹೌದು ಸರ್. ಬೇರೆ ಏನಾದ್ರೂ ಸಹಾಯ ಬೇಕಾ ಸರ್?"

ಕವಿತ ಬಾಗಿಲಲ್ಲಿ ನಿಂತಿದ್ದಳು. "ಸುಮ್ನೆ ಬೈರೇಶಣ್ಣನ್ನ ಕರೆದು ವೈರ್ ಹಾಕಿಸ್ಕೊಳ್ರೀ."

"ಅವನ ಕಾಲು ಹಿಡೀಲಾ?"

"ಹೋಗ್ಲಿ, ಅನುಗೊಂಡನಹಳ್ಳಿಗೆ ನಾನೊಂದು ಫೋನ್ ಮಾಡ್ಲಾ? ಅತ್ತೆ ಸರಿಯಾಗಿ ಉಣ್ತಾ ಇಲ್ಲ."

"ಮಾಡು. ಮಾಡ್ಬುಟ್ಟು ಹಂಗೇ ನಿಮ್ಮಪ್ಪನ ಮನೆಗೂ ಒಂದು ಮಾಡು, ಬರ್ತಾ ಇದೀನಿ ಅಂತ."

ಅವಳು ಮಾಡಲಿಲ್ಲ. ಅಮ್ಮ ಸಂಜೆಯಾದರೆ ಕಪ್ಪು ಟಿವಿಯ ಮುಂದೆ ಕೂರುತ್ತಿದ್ದಳು. ನಾನು ಪ್ರಪಂಚದ ಸಿನಿಮಾಗಳಲ್ಲಿ ಒಂದನ್ನು ಹಾಕಿ ಕೊಡುತ್ತಿದ್ದೆ. ಅದರಲ್ಲಿ ಯಾರಾದರೂ ಸತ್ತರೆ, "ಇವ್ರು ಯಾವೂರೋರು?" ಎಂದು ಕೇಳುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಟ್ಯಾಂಕರ್ ನಿಲ್ಲಿಸಿ ಕ್ರಾಸಿನ ಹೋಟೆಲ್‌ನಲ್ಲಿ ಟೀ ಕುಡಿಯುತ್ತಿದ್ದೆ. ಅಲ್ಲಿ ಬೈರೇಶನ ಕೇಬಲ್ಲು. ತಲೆ ಎತ್ತಿದರೆ ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಾಳೆ, ಫೋಟೊಗೆ ಹಾರ. ಕೆಳಗೆ: 'ಇಂದು ಹಾಲುತುಪ್ಪ.'

ಅಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಓಡಿಸಿದೆ. ನಾವು ಮುಟ್ಟುವಷ್ಟರಲ್ಲಿ ಸಮಾಧಿಯ ಗುಡ್ಡೆಯ ಮೇಲೆ ಹಾಲು ಬಿಟ್ಟು ಬಂದವರು ಶಾಮಿಯಾನದ ಕೆಳಗೆ ಎಲೆ ಮುಂದೆ ಕೂತಿದ್ದರು. ತಲೆ ಬೋಳಿಸಿಕೊಂಡ ದೇವರಾಜ ಎದ್ದು ಬಂದ.

"ಈಗ ಬಂದ್ಯಾ ಚಿಕ್ಕಮ್ಮ?"

"ನಂಗೆ ಯಾರೂ ಹೇಳ್ಲಿಲ್ಲವಲ್ಲೋ ದೇವರಾಜ!"

"ಹೇಳ್ದೆ ಇರ್ತೀವಾ? 'ನಿಮ್ಮನೇಲಿ ಹೆಣ ಬಿದ್ರೂ ಫೋನ್ ಮಾಡ್ಬೇಡ' ಅಂತ ನಿನ್ ಮಗ ಹೇಳಿದ್ದ. ಮಾಡ್ಲಿಲ್ಲ. ನೀನು ದಿನಾ ನೋಡ್ತೀಯ ಅಂತ ಟಿವಿಗೆ ಕೊಟ್ವಿ. ಬಾಕಿ ನೆಂಟರಿಗೆಲ್ಲ ಫೋನೇ ಚಿಕ್ಕಮ್ಮ. ಟಿವಿಲಿ ಹಾಕ್ಸಿದ್ದು ನಿನ್ನೊಬ್ಬಳಿಗೇ." ಅವನು ಟವೆಲ್‌ನಿಂದ ಮುಖ ಒರೆಸಿಕೊಂಡ. "ಮಧ್ಯಾಹ್ನಕ್ಕೆ ಎತ್ಬೇಕಾಗಿತ್ತು. ಕೊನೇ ಸಲ ಮುಖ ನೋಡಕ್ಕೆ ತಂಗಿ ಬರ್ತಾಳೆ ಅಂತ ಹೊತ್ತು ಮುಳುಗೋವರ್ಗೂ ಇಟ್ಕೊಂಡಿದ್ವಿ."

ಉಣ್ಣುತ್ತಿದ್ದವರ ಕೈಗಳೆಲ್ಲ ಎಲೆಯ ಮೇಲೇ ನಿಂತವು. ನಾನು ಬಾಯಿ ಬಿಟ್ಟೆ. ಅಷ್ಟು ಜನರ ಮುಂದೆ, ಸಾವಿನ ಮನೆಯಲ್ಲಿ, ಅಪ್‌ಡೇಟ್ ಎಂದರೇನು, ಕಂಪನಿಯವರು ಹೊರಗಿನ ಚಾನೆಲ್ಲನ್ನು ಹೇಗೆ ತಡೆಯುತ್ತಾರೆ, ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. "ನಂದೇನೂ ಇಲ್ಲ ಕಣಮ್ಮಾ, ಎಲ್ಲಾ ಆ ಡಬ್ಬೀದು. ನಿಮ್ಮ ಒಳ್ಳೇದಕ್ಕೇ ಅಂತಾರೆ, ಮನೇಲಿರೋರ್ನ ಒಂದು ಮಾತು ಕೇಳಲ್ಲ, ಹೊರಗಿನೋರ್ನ ಒಳಗೆ ಬಿಡಲ್ಲ!"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಅಂಥದ್ದು ಮನೇಲಿ ಮೊದ್ಲೇ ಒಂದಿತ್ತಲ್ಲೋ ಮುನೀಂದ್ರ, ನಾನೇ ಹೆತ್ತಿದ್ದು. ಇನ್ನೊಂದು ಯಾಕೆ ತಂದೆ?"